ಮೆಣಸಿಗೆ ಬಂದವರು ಬಿಟ್ಟುಹೋದದ್ದೇನು?

2022ರ ಮಾರ್ಚ್‌ನಲ್ಲಿ ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಜಾತ್ರೆಯ ಹೊತ್ತಿಗೆ ಬ್ಯಾನರ್ ಒಂದು ಎದ್ದಿತು. ಜಾತ್ರೆಯಲ್ಲಿ ಮುಸ್ಲಿಮರು ಅಂಗಡಿ ಹಾಕುವಂತಿಲ್ಲ ಎಂಬುದು ಅದರ ತಾತ್ಪರ್ಯ. ಕಾಪುವಿನ ಮಾರಿಗುಡಿಯೂ ಸೇರಿ ಕರಾವಳಿಯ ಬೇರೆ ಜಾತ್ರೆಗಳಲ್ಲೂ ಆ ದಿನಗಳಲ್ಲಿ ಇದೇ ಮಾತು ಕೇಳಿಬಂತು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಸರ್ಕಾರ 2002ರ ಧಾರ್ಮಿಕ ದತ್ತಿ ನಿಯಮಗಳನ್ನು ಮುಂದಿಟ್ಟು ಕೈತೊಳೆದುಕೊಂಡಿತು.

ಬಪ್ಪನಾಡಿನ ಮಟ್ಟಿಗೆ ಈ ಬ್ಯಾನರ್ ತೀರಾ ಇಕ್ಕಟ್ಟಿನ ಸಂಗತಿ. ಏಕೆಂದರೆ ಆ ಕ್ಷೇತ್ರದ ಐತಿಹ್ಯವೇ ಒಬ್ಬ ಮುಸ್ಲಿಂ ವ್ಯಾಪಾರಿಯಿಂದ ಶುರುವಾಗುತ್ತದೆ. ಬಪ್ಪ ಬ್ಯಾರಿ ಎಂಬ ವರ್ತಕನ ಸರಕಿನ ಹಡಗು ಶಾಂಭವಿ ನದಿಯಲ್ಲಿ ಕಚ್ಚಿಕೊಂಡು ಅಲುಗಾಡದೆ ನಿಂತಿತು, ಕನಸಿನಲ್ಲಿ ಬಂದ ದೇವಿ ತನಗೊಂದು ಗುಡಿ ಕಟ್ಟಿಸು ಎಂದಳು, ಆತ ಊರಿನ ಸಾವಂತ ಅರಸರ ನೆರವಿನಿಂದ ಕಟ್ಟಿಸಿದ ಎಂದು ಕಥೆ. ಊರಿಗೂ ದೇವಿಗೂ ಅಂಟಿಕೊಂಡಿರುವುದು ಅವನದೇ ಹೆಸರು. ಜಾತ್ರೆಯಲ್ಲಿ ಆ ಮನೆತನದವರಿಗೆ ಮೊದಲ ಪ್ರಸಾದ ಕೊಡುವ ಪದ್ಧತಿ ನಮ್ಮ ಕಾಲದವರೆಗೂ ನಡೆದುಬಂದಿದೆ.

ಐತಿಹ್ಯ ಇತಿಹಾಸವಾಗುವುದಿಲ್ಲ, ಒಪ್ಪಿದೆ. ಆದರೆ ಒಂದು ಊರು ತನ್ನ ದೇವಸ್ಥಾನದ ಹುಟ್ಟನ್ನು ನೆನೆಯುವಾಗ ಕಡಲ ವ್ಯಾಪಾರಿಯನ್ನು ಏಕೆ ನೆನೆಯಿತು ಎಂಬ ಪ್ರಶ್ನೆ ಇತಿಹಾಸದ್ದೇ. ಅರಬ್ ಕಡೆಯಿಂದ ಬಂದ ವರ್ತಕರ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಅವರು ಶಾಂತಿಯಿಂದ ಬಂದು ಪ್ರೀತಿಯಿಂದ ಧರ್ಮ ಹರಡಿದರು ಎಂಬುದು ಒಂದು. ವ್ಯಾಪಾರದ ಸೋಗಿನಲ್ಲಿ ಬಂದು ನೆಲೆಯೂರಿದರು ಎಂಬುದು ಇನ್ನೊಂದು. ವೇದಿಕೆಯ ಮೇಲೆ ಎರಡಕ್ಕೂ ಚಪ್ಪಾಳೆ ಬೀಳುತ್ತದೆ. ದಾಖಲೆಗಳನ್ನು ಓದುತ್ತ ಹೋದರೆ ಎರಡೂ ಸೋರುತ್ತವೆ. ಅಲ್ಲಿ ಕಾಣುವುದು ಲೆಕ್ಕ, ಸಾಲ, ಸುಂಕ, ಮದುವೆ ಮತ್ತು ಗಾಳಿಗಾಗಿ ಕಾಯುವ ಬೇಸರ. ಧರ್ಮ ಅವುಗಳ ಬೆನ್ನಿಗೆ ಬಂತು, ಬಂದ ಮೇಲೆ ನೆಲದ ಗುಣಕ್ಕೆ ತಕ್ಕಂತೆ ಬದಲಾಯಿತು. ಅರಬ್ ವ್ಯಾಪಾರಿಗಳ ಪ್ರಭಾವ ಎಂದು ನಾವು ಕರೆಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಳೀಯರದೇ ಕೈವಾಡ ಎಂಬುದು ನನ್ನ ವಾದ.

ಗಾಳಿಯಿಂದಲೇ ಆರಂಭಿಸಬೇಕು. ಏಡನ್, ಹೊರ್ಮುಜ್, ಸೀರಾಫ್ ಕಡೆಯ ಹಡಗುಗಳು ನೈರುತ್ಯ ಮಾರುತದ ರಭಸ ಇಳಿಯುವ ಹೊತ್ತು ನೋಡಿ ಹೊರಟು ಸೆಪ್ಟೆಂಬರ್ ಸುಮಾರಿಗೆ ನಮ್ಮ ಕರಾವಳಿ ಮುಟ್ಟುತ್ತಿದ್ದವು. ಮರಳಬೇಕಾದರೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸಬೇಕು. ನಡುಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ. ಈಗಲೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಹೀಗಾಗಿ ಬಂದ ವರ್ತಕ ತಿಂಗಳುಗಟ್ಟಲೆ ಇಲ್ಲೇ ಕಾಯಬೇಕು. ಗಾಳಿ ತಪ್ಪಿಸಿಕೊಂಡರೆ ಇಡೀ ವರ್ಷ. ಅವನಿಗೆ ಮನೆ ಬೇಕು, ಗೋದಾಮು ಬೇಕು, ತಾನಿಲ್ಲದಾಗ ಮೆಣಸು ಕೊಂಡಿಡುವ ನಂಬಿಕಸ್ಥ ಬೇಕು, ಜಗಳವಾದರೆ ತೀರ್ಪು ಕೊಡುವವ ಬೇಕು, ಸತ್ತರೆ ಮಣ್ಣು ಮಾಡುವ ಜಾಗ ಬೇಕು. ಮಸೀದಿ ಈ ಪಟ್ಟಿಯ ಒಂದು ಭಾಗವಾಗಿ ಹುಟ್ಟಿತು.

ಹಡಗುಗಳಾದರೂ ಎಲ್ಲಿಯವು? ಅರಬ್ ನೆಲದಲ್ಲಿ ಮರ ಕಡಿಮೆ. ತೇಗ ಇಲ್ಲಿಂದ ಹೋಗುತ್ತಿತ್ತು. ಹಲಗೆಗಳಿಗೆ ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಕೋಳಿಕ್ಕೋಡಿನ ಬಳಿಯ ಬೇಪೂರಿನಲ್ಲಿ ಕೊಲ್ಲಿ ರಾಷ್ಟ್ರಗಳ ಗಿರಾಕಿಗಳಿಗಾಗಿ ಇಂದಿಗೂ ಮರದ ಉರು ಹಡಗುಗಳನ್ನು ಕಟ್ಟುತ್ತಾರೆ. ಅರಬರು ನಮ್ಮಲ್ಲಿಗೆ ಬಂದ ಹಡಗಿನ ಮೈಯೇ ನಮ್ಮ ಕಾಡಿನದಾಗಿತ್ತು.

ಕನ್ನಡ ಓದುಗರಿಗೆ ಈ ಕಥೆಯ ಹಳೆಯ ಪುಟ ಮಾನ್ಯಖೇಟದಲ್ಲಿದೆ. ರಾಷ್ಟ್ರಕೂಟ ಅರಸರನ್ನು ಅರಬ್ ಬರಹಗಾರರು 'ಬಲ್ಹರಾ' ಎಂದು ಕರೆದರು. 'ವಲ್ಲಭರಾಜ' ಎಂಬ ಬಿರುದು ಅವರ ಬಾಯಲ್ಲಿ ಹಾಗಾಯಿತು. 851ರ ಅರಬಿ ವೃತ್ತಾಂತ ಬಲ್ಹರಾನನ್ನು ಭಾರತದ ರಾಜರಲ್ಲೆಲ್ಲ ದೊಡ್ಡವನೆಂದೂ ಅರಬರ ಮೇಲೆ ಅವನಿಗೆ ಒಲವೆಂದೂ ಹೇಳುತ್ತದೆ. ಒಲವಿಗೆ ಕಾರಣ ಊಹಿಸುವುದು ಕಷ್ಟವಲ್ಲ: ಬಂದರಿನ ಸುಂಕ ಮತ್ತು ಕುದುರೆ. 10ನೇ ಶತಮಾನದ ಆರಂಭದಲ್ಲಿ ಮುಂಬಯಿಯ ದಕ್ಷಿಣಕ್ಕಿರುವ ಚೌಲ್‌ಗೆ ಬಂದ ಅಲ್ ಮಸೂದಿ, ಅಲ್ಲಿ ಸುಮಾರು 10,000 ಮುಸ್ಲಿಮರಿದ್ದರು ಎಂದು ಬರೆದ. ಒಮಾನ್, ಬಸ್ರಾ, ಸೀರಾಫ್, ಬಾಗ್ದಾದಿನಿಂದ ಬಂದವರ ಜೊತೆ ಇಲ್ಲೇ ಹುಟ್ಟಿ ಬೆಳೆದ ಅವರ ಮಕ್ಕಳೂ ಆ ಲೆಕ್ಕದಲ್ಲಿದ್ದರು.

ಇದಕ್ಕಿಂತ ಬೆರಗಿನದು ಚಿಂಚಣಿಯ ತಾಮ್ರಪಟ. ಮೂರನೆಯ ಇಂದ್ರನ ಕಾಲದ, 926ರ ಶಾಸನ ಅದು. ಈಗಿನ ಗುಜರಾತ್–ಮಹಾರಾಷ್ಟ್ರ ಗಡಿಯ ಸಂಜಾನ್ ಪ್ರದೇಶವನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನ ಹೆಸರು ಅಲ್ಲಿ ಮಧುಮತಿ ಎಂದಿದೆ. ತಾಜಿಕ, ಅಂದರೆ ಅರಬ್ ಮೂಲದವನು. ಮಹಮ್ಮದ್ ಎಂಬ ಹೆಸರು ಸಂಸ್ಕೃತದಲ್ಲಿ ಮಧುಮತಿಯಾಗಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆತನನ್ನು ನೇಮಿಸಿದವನು ಎರಡನೆಯ ಕೃಷ್ಣ. ಈ ಅಧಿಕಾರಿ ನದಿ ದಾಟಲು ಉಚಿತ ದೋಣಿ ಇರಿಸಿದ. ಅನ್ನ, ಪಲ್ಯ, ತುಪ್ಪ ಬಡಿಸುವ ಛತ್ರ ನಡೆಸಿದ. ದೇವಿಯ ಪೂಜೆಗೂ ಮಠದ ಅನ್ನದಾನಕ್ಕೂ ಭೂಮಿ ದತ್ತಿ ಬಿಟ್ಟ. ಕನ್ನಡದ ಚಕ್ರವರ್ತಿಯ ಕೈಕೆಳಗೆ ಒಬ್ಬ ಅರಬ್ ಅಧಿಕಾರಿ ದೇವಿಯ ಮಠಕ್ಕೆ ದಾನ ಕೊಟ್ಟ ಎಂಬ ಸಂಗತಿ ನಮ್ಮ ಶಾಲಾ ಪುಸ್ತಕದ ಯಾವ ಪಾಠದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದನ್ನು ಸೌಹಾರ್ದದ ಪದಕವಾಗಿ ಕೊರಳಿಗೆ ಹಾಕಿಕೊಳ್ಳಬೇಕಿಲ್ಲ. ಅಧಿಕಾರಿಯಾದವನು ಊರಿನ ದೇವರಿಗೆ ನಡೆದುಕೊಳ್ಳುವುದು ಆಡಳಿತದ ಭಾಗವಾಗಿತ್ತು, ಅಷ್ಟೇ. ಆ 'ಅಷ್ಟೇ' ಎನ್ನುವ ಸಹಜತೆಯೇ ಈಗ ನಮಗೆ ಅಪರಿಚಿತವಾಗಿರುವುದು.

ಇನ್ನು ಹೊನ್ನಾವರಕ್ಕೆ ಬರೋಣ. 1340ರ ದಶಕದಲ್ಲಿ ಮೊರೊಕ್ಕೊದ ಇಬ್ನ್ ಬತೂತ ಇಲ್ಲಿಗೆ ಬಂದಾಗ ಊರನ್ನು ಆಳುತ್ತಿದ್ದವನು ಜಮಾಲುದ್ದೀನ್ ಎಂಬ ಸುಲ್ತಾನ. ಅವನು ಹರ್ಯಬ್ ಎಂಬ ದೊರೆಯ ಅಧೀನ ಎಂದು ಪ್ರವಾಸಿ ಬರೆಯುತ್ತಾನೆ. ವಿಜಯನಗರದ ಮೊದಲನೆಯ ಹರಿಹರನೇ ಈ ಹರ್ಯಬ್ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13. ಹೆಂಗಸರೆಲ್ಲ ಕುರಾನನ್ನು ಬಾಯಿಪಾಠ ಮಾಡಿದ್ದರು. ಅವರ ಉಡುಗೆಯ ಬಗ್ಗೆಯೂ ಅವನು ಬರೆದಿದ್ದಾನೆ: ಹೊಲಿದ ಬಟ್ಟೆ ತೊಡುವುದಿಲ್ಲ, ಉದ್ದನೆಯ ಬಟ್ಟೆಯ ಒಂದು ತುದಿಯನ್ನು ನಡುವಿಗೆ ಸುತ್ತಿ ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ಉಂಗುರ. ಸೀರೆಯುಟ್ಟು ಮೂಗುತಿ ತೊಟ್ಟು ಕುರಾನ್ ಪಠಿಸುವ ಹೆಂಗಸರು ಆತನಿಗೆ ವಿಚಿತ್ರವಾಗಿ ಕಂಡರೇ ಹೊರತು ಅಧರ್ಮಿಗಳಾಗಿ ಕಾಣಲಿಲ್ಲ.

ಸುಲ್ತಾನನ ಮನೆಯ ಊಟದ ವಿವರವಂತೂ ನಮ್ಮ ಕಡೆಯ ಮದುವೆ ಊಟದ ವರದಿಯಂತಿದೆ. ತಾಮ್ರದ ಸೌಟಿನಿಂದ ಅನ್ನ ಬಡಿಸುವುದು, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಒಂದು ಸುತ್ತು ಮುಗಿದರೆ ಮತ್ತೆ ಅನ್ನ, ಕೋಳಿ, ಮತ್ತೆ ಅನ್ನ, ಮೀನು, ಮತ್ತೆ ತರಕಾರಿ, ಕೊನೆಗೆ ಮೊಸರು. ಅವನ ಬಳಿ ಹನ್ನೊಂದು ತಿಂಗಳಿದ್ದೆ, ರೊಟ್ಟಿಯನ್ನೇ ಕಾಣಲಿಲ್ಲ ಎಂದು ಬತೂತ ಗೊಣಗುತ್ತಾನೆ. ಅರಬ್ ಜಗತ್ತಿನ ಧರ್ಮ ಹೊನ್ನಾವರದ ಪ್ರಾರ್ಥನೆಗೆ ಬಂದಿತ್ತು, ಅಡುಗೆಮನೆಗೆ ಬಂದಿರಲಿಲ್ಲ.

ಮಂಗಳೂರಿನ ಚಿತ್ರ ಇಷ್ಟು ಮಧುರವಾಗಿಲ್ಲ. ಫಾರ್ಸ್ ಮತ್ತು ಯೆಮೆನ್ ವರ್ತಕರಲ್ಲಿ ಹೆಚ್ಚಿನವರು ಇಳಿಯುವುದು ಇಲ್ಲೇ, ಮೆಣಸು, ಶುಂಠಿ ಹೇರಳ ಎಂದು ಆತ ಹೇಳುತ್ತಾನೆ. ಊರ ಹೊರಗಿನ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದರು. ಊರವರಿಗೂ ಅವರಿಗೂ ಆಗಾಗ ಹೊಡೆದಾಟ. ಪ್ರತಿಸಲವೂ ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಏಕೆಂದರೆ ವರ್ತಕರಿಲ್ಲದೆ ಅವನ ಖಜಾನೆ ನಡೆಯದು. ಸೌಹಾರ್ದದ ಬುನಾದಿ ಸುಂಕವಾಗಿತ್ತು ಎಂದರೆ ಕೆಲವರಿಗೆ ಬೇಸರವಾಗಬಹುದು. ನನಗೆ ಅದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಆದರ್ಶದ ಮೇಲೆ ನಿಂತ ಶಾಂತಿಗಿಂತ ಇಬ್ಬರಿಗೂ ಲಾಭವಿರುವ ಶಾಂತಿ ಹೆಚ್ಚು ಕಾಲ ಬಾಳಿದೆ.

ಜೊತೆಗಿದ್ದರು ಎಂದರೆ ಒಂದೇ ಪಂಕ್ತಿಯಲ್ಲಿ ಉಂಡರು ಎಂದೂ ಅಲ್ಲ. ಮಲಬಾರಿನ ದಾರಿಯುದ್ದಕ್ಕೂ ಇದ್ದ ಅರವಟ್ಟಿಗೆಗಳಲ್ಲಿ ಹಿಂದೂ ದಾರಿಹೋಕನಿಗೆ ಪಾತ್ರೆಯಲ್ಲಿ ನೀರು ಕೊಡುತ್ತಾರೆ, ಮುಸ್ಲಿಮನಿಗಾದರೆ ಬೊಗಸೆಗೆ ಸುರಿಯುತ್ತಾರೆ ಎಂದು ಬತೂತ ದಾಖಲಿಸಿದ್ದಾನೆ. ಇನ್ನು ಹೊನ್ನಾವರದ ಅದೇ ಸುಲ್ತಾನ ಹಡಗುಪಡೆ ಕಟ್ಟಿಕೊಂಡು ಗೋವೆಯ ಮೇಲೆ ದಂಡೆತ್ತಿಹೋದ, ನಮ್ಮ ಪ್ರವಾಸಿಯೂ ಉತ್ಸಾಹದಿಂದ ಆ ಯುದ್ಧಕ್ಕೆ ಹೊರಟ. 'ಕತ್ತಿಯೇ ಇಲ್ಲದ ಇತಿಹಾಸ' ಎನ್ನುವವರು ಈ ಪುಟವನ್ನು ಮಡಚಿಡುತ್ತಾರೆ.

ಹೊನ್ನಾವರದವರು, ಮಂಗಳೂರಿನ ಕಾಜಿ ಎಲ್ಲರೂ ಶಾಫಿ ಪಂಥದವರು ಎಂದು ಬತೂತ ಗುರುತು ಹಾಕಿಕೊಂಡ. ಓದುವಾಗ ಇದು ಸಣ್ಣ ವಿವರದಂತೆ ಕಾಣುತ್ತದೆ, ಆದರೆ ಇಡೀ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ. ಸುನ್ನಿ ಇಸ್ಲಾಮಿನಲ್ಲಿ ನಾಲ್ಕು ನ್ಯಾಯಪಂಥಗಳಿವೆ. ದಿಲ್ಲಿಯಿಂದ ದಖ್ಖನ್‌ವರೆಗೆ ನೆಲದ ದಾರಿಯಲ್ಲಿ, ತುರ್ಕಿ, ಅಫ್ಘನ್ ಸುಲ್ತಾನರ ಜೊತೆ ಬಂದದ್ದು ಹನಫಿ ಪಂಥ. ಕಲಬುರ್ಗಿ, ಬೀದರ್, ವಿಜಯಪುರದ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಆದರೆ ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು, ಕೇರಳದ ಮಾಪಿಳ್ಳೆಗಳು, ಕೊಂಕಣದ ಕರಾವಳಿ ಮುಸ್ಲಿಮರು, ತಮಿಳುನಾಡಿನ ಕಾಯಲ್‌ಪಟ್ಟಣದ ಮರಕ್ಕಾಯರು ಶಾಫಿಗಳು. ಶ್ರೀಲಂಕಾ, ಇಂಡೊನೇಷ್ಯಾ, ಮಲೇಷ್ಯಾ, ಯೆಮೆನಿನ ಹದ್ರಮೌತ್, ಸೊಮಾಲಿಯಾ, ಜಾಂಜಿಬಾರ್‌ಗಳಲ್ಲೂ ಸುನ್ನಿಗಳು ಬಹುಪಾಲು ಶಾಫಿಗಳೇ. ನಕ್ಷೆಯ ಮೇಲೆ ಬಣ್ಣ ಹಚ್ಚಿದರೆ ಶಾಫಿ ಪಂಥ ಹಿಂದೂ ಮಹಾಸಾಗರದ ಅಂಚಿಗೆ ಹಾಕಿದ ಜರಿಯಂತೆ ಕಾಣುತ್ತದೆ. ಮಂಗಳೂರಿನ ಬ್ಯಾರಿ ಕುಟುಂಬಕ್ಕೆ ನಿಕಾಹ್, ಆಸ್ತಿ ಹಂಚಿಕೆಯ ನಿಯಮಗಳಲ್ಲಿ ಕಲಬುರ್ಗಿಗಿಂತ ಆಚೆ ಸುಮಾತ್ರ ಹತ್ತಿರ.

ವರ್ತಕನಿಗೆ ಒಂದೇ ನ್ಯಾಯ ಎಲ್ಲ ಬಂದರುಗಳಲ್ಲೂ ನಡೆದರೆ ಎಷ್ಟು ಲಾಭ ಎಂದು ಯೋಚಿಸಬೇಕು. ಏಡನ್ನಿನಲ್ಲಿ ಬರೆದ ಪಾಲುದಾರಿಕೆ ಪತ್ರಕ್ಕೆ ಕೊಲ್ಲಂನ ಕಾಜಿ ಬೆಲೆ ಕೊಡುತ್ತಾನೆ. ಸಾಕ್ಷಿ, ಸಾಲ, ಸತ್ತವನ ಸರಕಿನ ವಿಲೇವಾರಿ ಎಲ್ಲಕ್ಕೂ ಗೊತ್ತಾದ ಕಟ್ಟಳೆ. ಇಸ್ಲಾಂ ಸೇರಿದ ಸ್ಥಳೀಯ ವರ್ತಕನಿಗೆ ದೇವರ ಜೊತೆಗೆ ಈ ವಿಶ್ವಾಸದ ಜಾಲವೂ ಸಿಗುತ್ತಿತ್ತು. ಮೀನುಗಾರನಿಗೆ, ಕೆಳಜಾತಿಯವನಿಗೆ ಸಿಕ್ಕಿದ್ದು ಬೇರೆ: ಜಾತಿಯ ನಿರ್ಬಂಧಗಳಿಂದ ಒಂದಿಷ್ಟು ಬಿಡುಗಡೆ. ಅರಸರಿಗೂ ಇದರಲ್ಲಿ ಸ್ವಾರ್ಥವಿತ್ತು. ಹಡಗಿಗೆ ಜನ ಸಾಲದೆ ಬಂದಾಗ ಮೀನುಗಾರ ಕುಟುಂಬಗಳು ಒಬ್ಬಿಬ್ಬರು ಗಂಡುಮಕ್ಕಳನ್ನು ಮುಸ್ಲಿಮರನ್ನಾಗಿ ಬೆಳೆಸಬೇಕೆಂದು ಕೋಳಿಕ್ಕೋಡಿನ ಸಾಮೂದಿರಿ ಆದೇಶಿಸಿದ್ದ ಎಂಬ ಮಾತನ್ನು ವಿಲಿಯಂ ಲೋಗನ್ ತನ್ನ 1887ರ ಮಲಬಾರ್ ಮ್ಯಾನ್ಯುಯಲ್‌ನಲ್ಲಿ ಬರೆದಿದ್ದಾನೆ. ಹಿಂದೂ ರಾಜನೇ ಮತಾಂತರಕ್ಕೆ ಹೇಳಿದ ಎಂಬ ಈ ಸಂಗತಿ ಇಂದಿನ ಯಾವ ಪಕ್ಷದ ಭಾಷಣಕ್ಕೂ ಒಗ್ಗುವುದಿಲ್ಲ.

ಈ ಜಾಲ ಮುಸ್ಲಿಮರದ್ದು ಮಾತ್ರವೂ ಆಗಿರಲಿಲ್ಲ. ಕೊಲ್ಲಂನ ಚರ್ಚಿಗೆ 849ರಲ್ಲಿ ಕೊಟ್ಟ ತಾಮ್ರಶಾಸನಕ್ಕೆ ಅರಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ಸಾಕ್ಷಿ ಸಹಿಗಳಿವೆ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಹತ್ತಿರಹತ್ತಿರ ಎರಡು ದಶಕ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಟ್ಯುನೀಸಿಯಾದ ಯಹೂದಿ, ಬರೆಯುತ್ತಿದ್ದದ್ದು ಅರಬಿ ಭಾಷೆಯನ್ನು ಹೀಬ್ರೂ ಅಕ್ಷರಗಳಲ್ಲಿ. ಏಡನ್ನಿನಿಂದ ಒಡೆದ ಹಿತ್ತಾಳೆ ಪಾತ್ರೆಗಳು ಅವನ ಕಾರ್ಖಾನೆಗೆ ಬರುತ್ತಿದ್ದವು, ಇಲ್ಲಿನ ಕೆಲಸಗಾರರು ಅವನ್ನು ಕರಗಿಸಿ ಹೊಸದು ಮಾಡಿ ಕಳಿಸುತ್ತಿದ್ದರು. 1132ರ ಅಕ್ಟೋಬರ್ 17ರಂದು ಅಶು ಎಂಬ ಗುಲಾಮ ಹೆಣ್ಣನ್ನು ಆತ ಬಿಡುಗಡೆ ಮಾಡಿದ ಪತ್ರ ಕೈರೋದ ಹಳೆಯ ಸಿನಗಾಗ್ (ಯಹೂದಿ ಪ್ರಾರ್ಥನಾಲಯ) ಒಂದರ ಕಾಗದದ ರಾಶಿಯಲ್ಲಿ ಸಿಕ್ಕಿತು. ಆಕೆಯನ್ನೇ ಮದುವೆಯಾದ ಎಂಬುದು ವಿದ್ವಾಂಸರ ಅಭಿಪ್ರಾಯ. ಬೊಮ್ಮ ಎಂಬ ತುಳುನಾಡಿನ ಗುಲಾಮ ಅವನ ವ್ಯವಹಾರ ನೋಡಿಕೊಳ್ಳಲು ಏಡನ್‌ಗೆ ಹೋಗಿ ಅಲ್ಲಿ ಕುಡಿದು, ಹಣ ಕೇಳಿ ಧಣಿಯ ಗೆಳೆಯನಿಗೆ ತಲೆನೋವಾದದ್ದೂ ಪತ್ರಗಳಲ್ಲಿದೆ.

ಮದುವೆಯ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಈಗ ಡಿಎನ್‌ಎ ಪುರಾವೆಯೂ ಇದೆ. ಪೂರ್ವ ಆಫ್ರಿಕಾದ ಸ್ವಾಹಿಲಿ ಪಟ್ಟಣಗಳಲ್ಲಿ 1250ರಿಂದ 1800ರ ನಡುವೆ ಬದುಕಿದ್ದವರ ಅಸ್ಥಿಗಳನ್ನೂ ಒಳನಾಡಿನ ಕೆಲವನ್ನೂ ಪರೀಕ್ಷಿಸಿದ ಅಧ್ಯಯನ 2023ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಟ್ಟು 80 ಜನರ ಮಾದರಿ. ಕರಾವಳಿಯವರಲ್ಲಿ ಹಲವರ ತಾಯಿಯ ಕಡೆಯ ಮೂಲ ಬಹುಪಾಲು ಆಫ್ರಿಕಾದ್ದು, ತಂದೆಯ ಕಡೆಯದು ಬಹುಪಾಲು ಏಷ್ಯಾದ್ದು. ಏಷ್ಯಾದ ಪಾಲಿನಲ್ಲಿ ದೊಡ್ಡ ಭಾಗ ಪರ್ಷಿಯಾದ್ದು, ಒಂದಿಷ್ಟು ಭಾರತದ್ದು. ಬೆರಕೆ ಶುರುವಾದದ್ದು ಸುಮಾರು ಕ್ರಿ.ಶ. 1000ರಿಂದ. ನಾವು ಸಲೀಸಾಗಿ 'ಅರಬ್' ಎನ್ನುವ ವರ್ತಕರಲ್ಲಿ ಎಷ್ಟೋ ಮಂದಿ ಪರ್ಷಿಯನ್ನರು, ಯಹೂದಿಗಳು, ಗುಜರಾತಿಗಳು. ಮಕ್ಕಳು ಕಲಿತದ್ದೂ ತಾಯಿಯ ಭಾಷೆಯನ್ನೇ. ಸ್ವಾಹಿಲಿ ಅರಬಿ ಪದಗಳನ್ನು ತುಂಬಿಕೊಂಡ ಬಾಂಟು ಭಾಷೆ. ನವಾಯತರದು ಕೊಂಕಣಿಗೆ ಹತ್ತಿರದ ನುಡಿ. ಬ್ಯಾರಿ ಭಾಷೆ ಮಲಯಾಳ, ತುಳುಗಳ ನೆರೆಯದು.

ಅರಬ್ ವ್ಯಾಪಾರದ ಪ್ರಭಾವ ಎಂದೊಡನೆ ನಾವು ಇಸ್ಲಾಂ ಸೇರಿದವರನ್ನಷ್ಟೇ ಎಣಿಸುತ್ತೇವೆ. ಸೇರದವರ ನಂಬಿಕೆಯೂ ಬದಲಾಯಿತು ಎಂಬುದನ್ನು ಮರೆಯುತ್ತೇವೆ. ತುಳುನಾಡಿನ ಬೊಬ್ಬರ್ಯ ಇದಕ್ಕೆ ಸಾಕ್ಷಿ. ಮೊಗವೀರರು ಕಡಲಿಗೆ ಇಳಿಯುವ ಮುನ್ನ ನೆನೆಯುವ ಈ ದೈವ, ಪಾಡ್ದನ ಎಂಬ ತುಳು ಜನಪದ ಕಥನಗೀತೆಯ ಪ್ರಕಾರ, ಮುರವ ಬ್ಯಾರಿ ಎಂಬ ಮುಸ್ಲಿಂ ವರ್ತಕನಿಗೂ ಜೈನ ಮನೆತನದ ಹೆಣ್ಣಿಗೂ ಹುಟ್ಟಿದವನು. ಹಡಗು ಕಟ್ಟಿ ವ್ಯಾಪಾರ ಮಾಡಿದ, ಕಡಲಲ್ಲಿ ಮಡಿದ, ದೈವವಾದ. ಪಾಠಾಂತರಗಳು ಬೇಕಾದಷ್ಟಿವೆ, ತಂದೆ ಬ್ಯಾರಿ ಎಂಬ ಎಳೆ ಮಾತ್ರ ಗಟ್ಟಿಯಾಗಿ ನಿಂತಿದೆ. ಕುಂಬಳೆಯ ಬಳಿ ಆರಿಕ್ಕಾಡಿಯಲ್ಲಿ ಆಲಿ ಭೂತ ಇದೆ, ಉತ್ತರ ಮಲಬಾರಿನಲ್ಲಿ ಮಾಪಿಳ್ಳೆ ತೆಯ್ಯಂಗಳಿವೆ. ಕಡಲ ಗುಟ್ಟು ಬಲ್ಲವನನ್ನು, ದೂರದೂರಿನ ಸಂಪತ್ತು ತಂದವನನ್ನು, ಅವನ ಧರ್ಮ ಕೇಳದೆ ದೈವವಾಗಿಸಿಕೊಳ್ಳುವ ಧಾರಣಶಕ್ತಿ ಭೂತಾರಾಧನೆಗಿತ್ತು.

ಸೋಮನಾಥದ ಹೆಸರು ಕೇಳಿದರೆ ನಮಗೆ ಘಜ್ನಿಯ ಮಹಮೂದ್ ನೆನಪಾಗುತ್ತಾನೆ. ಆ ದಾಳಿಯಾಗಿ ಎರಡೂಕಾಲು ಶತಮಾನ ದಾಟಿದ ಮೇಲೆ, 1264ರಲ್ಲಿ, ಹೊರ್ಮುಜಿನ ಹಡಗಿನೊಡೆಯ ನೂರುದ್ದೀನ್ ಫಿರೋಜ್ ಅದೇ ಸೋಮನಾಥದಲ್ಲಿ ಮಸೀದಿ ಕಟ್ಟಿಸಿದ. ವೇರಾವಲದ ಸಂಸ್ಕೃತ ಶಾಸನದ ಪ್ರಕಾರ ಆತ ಜಾಗವನ್ನು ಕೊಂಡದ್ದು ಛಾಡ ಎಂಬ ಸ್ಥಳೀಯ ಪ್ರಮುಖನಿಂದ. ಒಪ್ಪಿಗೆ ಕೊಟ್ಟ ಪಂಚಕುಲಕ್ಕೆ, ಅಂದರೆ ಪಟ್ಟಣದ ಆಡಳಿತ ಮಂಡಳಿಗೆ, ಪಾಶುಪತ ಶೈವ ಆಚಾರ್ಯ ವೀರಭದ್ರ ಮುಖ್ಯಸ್ಥ. ಮಸೀದಿಯ ಖರ್ಚಿಗೆ ಅಂಗಡಿಗಳ ಬಾಡಿಗೆ ಮತ್ತು ಒಂದು ಗಾಣದ ಆದಾಯ. ಮಿಕ್ಕರೆ ಮೆಕ್ಕಾ, ಮದೀನಕ್ಕೆ. ನೋಡಿಕೊಳ್ಳಬೇಕಾದವರು ಊರಿನ ಮುಸ್ಲಿಂ ನಾವಿಕರು, ಗಾಣಿಗರು, ಸುಣ್ಣಗಾರರು. ಶಾಸನ ಶುರುವಾಗುವುದು ವಿಶ್ವನಾಥನಿಗೆ ನಮಸ್ಕಾರದಿಂದ: ವಿಶ್ವರೂಪ, ಶೂನ್ಯರೂಪ. ಇಲ್ಲಿ ವಿಶ್ವನಾಥ ಎಂದರೆ ಅಲ್ಲಾಹು. ಕಾಲವನ್ನು ಹಿಜರಿ 662, ವಿಕ್ರಮ 1320, ವಲಭಿ 945, ಸಿಂಹ 151 ಎಂದು ನಾಲ್ಕು ಲೆಕ್ಕಗಳಲ್ಲಿ ಕೊಟ್ಟಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಸೊಗಸಾದ ಕಥೆ. ಆದರೆ ಅದೇ ಮಸೀದಿಗೆ ಅರಬಿ ಶಾಸನವೂ ಇದೆ, ಅದರ ದನಿ ಬೇರೆ. ಈ ಊರು ಇಸ್ಲಾಮಿನ ಊರಾಗಲಿ, ವಿಗ್ರಹಗಳು ತೊಲಗಲಿ ಎಂಬ ಹಾರೈಕೆ ಅಲ್ಲಿದೆ. ಒಬ್ಬನೇ ವರ್ತಕ ಸಂಸ್ಕೃತದಲ್ಲಿ ಒಂದು, ಅರಬಿಯಲ್ಲಿ ಇನ್ನೊಂದು ಹೇಳಿದನೇ? ಕಪಟ ಎಂದು ಕೆಲವರು ಕೂಡಲೇ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅರಬಿ ಪಾಠ ತನ್ನ ಜನಕ್ಕಾಗಿ ಬರೆದ ರೂಢಿಯ ಪ್ರಾರ್ಥನೆ. ಸಂಸ್ಕೃತ ಪಾಠ ಜಮೀನು, ಬಾಡಿಗೆ, ಒಪ್ಪಿಗೆಗಳ ಕರಾರು. ಮನಸ್ಸಿನಲ್ಲಿ ತಮ್ಮ ಧರ್ಮವೇ ಮೇಲೆಂದು ವರ್ತಕನೂ ಊರವರೂ ಅಂದುಕೊಂಡಿದ್ದರು, ಆದರೂ ಕರಾರಿಗೆ ಬದ್ಧರಾಗಿದ್ದರು. ಬಹುಧರ್ಮಗಳ ಊರಿನಲ್ಲಿ ಬದುಕಲು ಇದಕ್ಕಿಂತ ಹೆಚ್ಚಿನದು ಬೇಕು ಎಂದು ನಾವು ಈಗ ಪಟ್ಟು ಹಿಡಿಯುತ್ತೇವೆ, ಇಷ್ಟನ್ನೂ ಉಳಿಸಿಕೊಳ್ಳುವುದಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ಇಂಡೊನೇಷ್ಯಾಕ್ಕೆ ಯಾವ ಅರಬ್ ಸೈನ್ಯವೂ ಹೋಗಲಿಲ್ಲ. ಸುಮಾತ್ರದ ಪಾಸೈಯಲ್ಲಿ ಸುಲ್ತಾನ್ ಮಲಿಕ್ ಅಸ್ಸಾಲಿಹ್‌ನ ಗೋರಿಗಲ್ಲಿನ ಮೇಲೆ 1297ರ ಕಾಲಮಾನ ಇದೆ. 15ನೇ ಶತಮಾನದ ಅಲ್ಲಿನ ಕೆಲವು ಗಣ್ಯರ ಗೋರಿಗಲ್ಲುಗಳು ಗುಜರಾತಿನ ಖಂಭಾತದಲ್ಲಿ ಕೆತ್ತಿಸಿ ತರಿಸಿದವು. ಜಾವಾದ ಕುದುಸ್ ಮಸೀದಿಯ ಇಟ್ಟಿಗೆಯ ಗೋಪುರ ನೋಡಿದರೆ ಹಿಂದೂ 'ಚಂಡಿ'ಯ, ಅಂದರೆ ಜಾವಾದ ಹಳೆಯ ದೇಗುಲದ, ಮುಂದೆ ನಿಂತಂತಾಗುತ್ತದೆ. ಪ್ರಭಾವ ಒಂದೇ ದಿಕ್ಕಿಗೆ ಹರಿಯಲಿಲ್ಲ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ: 16ನೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಅರಬಿಯಲ್ಲಿ ಬರೆದ ಶಾಫಿ ನ್ಯಾಯಗ್ರಂಥ 'ಫತ್‌ಹುಲ್ ಮುಈನ್' ಜಾವಾದ ಧಾರ್ಮಿಕ ಶಾಲೆಗಳಲ್ಲಿ ಇವತ್ತಿಗೂ ಪಠ್ಯ. 19ನೇ ಶತಮಾನದಲ್ಲಿ ಮೆಕ್ಕಾದ ವಿದ್ವಾಂಸನೇ ಅದಕ್ಕೆ ವ್ಯಾಖ್ಯಾನ ಬರೆದ. ಮಲಬಾರಿನವನು ಬರೆದದ್ದನ್ನು ಅರಬರು ಓದಿದರು.

ಈ ಮಖ್ದೂಮ್ ನಿಷ್ಠುರ ಲೇಖಕನೂ ಹೌದು. ಪ್ರವಾದಿಯ ಕಾಲದಲ್ಲೇ ಕೇರಳದ ಅರಸ ಚೇರಮಾನ್ ಪೆರುಮಾಳ್ ಮೆಕ್ಕಾಕ್ಕೆ ಹೋಗಿ ಮುಸ್ಲಿಮನಾದ ಎಂಬ ಜನಪ್ರಿಯ ಕಥೆಯನ್ನು ದಾಖಲಿಸಿ, ಇದಕ್ಕೆ ಆಧಾರ ಸಾಲದು, ಹಿಜರಿಯ ಇನ್ನೂರು ವರ್ಷಗಳ ನಂತರದ ಸಂಗತಿ ಇದ್ದೀತು ಎಂದು ಆಗಲೇ ಬರೆದಿದ್ದ. ಆದರೆ ಕೊಡುಂಗಲ್ಲೂರಿನ ಚೇರಮಾನ್ ಮಸೀದಿ 629ರದ್ದೆಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಗಟ್ಟಿಯಾಗಿ ಕೂತಿದೆ. 2016ರ ಏಪ್ರಿಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಸೌದಿ ದೊರೆ ಸಲ್ಮಾನ್ ಅವರಿಗೆ ಕೊಟ್ಟ ಉಡುಗೊರೆ ಈ ಮಸೀದಿಯದ್ದೇ ಚಿನ್ನದ ಲೇಪದ ಪ್ರತಿಕೃತಿ. ರಿಯಾದ್‌ನಲ್ಲಿ ಹೆಮ್ಮೆ, ಮೂಲ್ಕಿಯಲ್ಲಿ ಬ್ಯಾನರ್. ರಾಜಕೀಯಕ್ಕೆ ಹಳೆಯ ವ್ಯಾಪಾರ ಯಾವಾಗ ಬೇಕು, ಯಾವಾಗ ಬೇಡ ಎಂಬುದು ಚೆನ್ನಾಗಿ ಗೊತ್ತು.

ಕತ್ತಲ ಬದಿಯನ್ನೂ ಹೇಳಿಬಿಡಬೇಕು. ಅಶು, ಬೊಮ್ಮರಂಥ ಗುಲಾಮರು ಈ ವ್ಯಾಪಾರದ ಸಾಮಾನ್ಯ ಸರಕು. 19ನೇ ಶತಮಾನದಲ್ಲಿ ಒಮಾನಿ ಸುಲ್ತಾನರ ಜಾಂಜಿಬಾರಿನಲ್ಲಿ ಲವಂಗದ ತೋಟಗಳಿಗಾಗಿ ಆಫ್ರಿಕಾದ ಒಳನಾಡಿನಿಂದ ಜನರನ್ನು ಹಿಡಿದು ತಂದದ್ದು ದೊಡ್ಡ ಕ್ರೌರ್ಯ. ಅಲ್ಲಿನ ಗುಲಾಮರ ಪೇಟೆ ಮುಚ್ಚಿದ್ದು 1873ರಲ್ಲಿ. ನಮ್ಮ ಕಡೆ, 15ನೇ ಶತಮಾನದ ಉತ್ತರಾರ್ಧದಲ್ಲಿ, ವಿಜಯನಗರಕ್ಕೆ ಬರಬೇಕಿದ್ದ ಕುದುರೆಗಳನ್ನು ಬಹಮನಿಗಳಿಗೆ ಮಾರಿದರೆಂದು ಭಟ್ಕಳದ ಮುಸ್ಲಿಂ ವರ್ತಕರ ಹತ್ಯೆಯಾಯಿತು, ಉಳಿದವರು ಗೋವೆಗೆ ಓಡಿದರು ಎಂದು ಪೋರ್ಚುಗೀಸ್ ಚರಿತ್ರೆಕಾರ ಬಾರೋಸ್ ಬರೆದಿದ್ದಾನೆ. ಲಾಭದ ಮೇಲೆ ನಿಂತ ಶಾಂತಿ ಲಾಭ ತಪ್ಪಿದಾಗ ಮುರಿಯಿತು. ಆಮೇಲೆ ಪೋರ್ಚುಗೀಸರು ಬಂದು ಕಡಲನ್ನೇ ತಮ್ಮದೆಂದರು, ರಹದಾರಿ ಇಲ್ಲದ ಹಡಗುಗಳನ್ನು ಹಿಡಿದರು, 1510ರಲ್ಲಿ ಕೋಳಿಕ್ಕೋಡಿನ ಮಿಶ್ಕಾಲ್ ಮಸೀದಿಗೆ ಬೆಂಕಿ ಇಟ್ಟರು.

ಹಳೆಯ ವ್ಯಾಪಾರದ ಪ್ರಭಾವ ಮುಗಿದು ಹೊಸ ಪ್ರಭಾವ ಶುರುವಾದದ್ದು 1970ರ ದಶಕದ ತೈಲದಿಂದ. ಈ ಸಲ ಅವರು ಬರಲಿಲ್ಲ, ನಾವು ಹೋದೆವು. ಭಟ್ಕಳ, ಮಂಗಳೂರು, ಕಾಸರಗೋಡು, ಮಲಪ್ಪುರಂಗಳಿಂದ ದುಬೈ, ದಮ್ಮಾಮ್, ದೋಹಾಗಳಿಗೆ ಹೋದವರಲ್ಲಿ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಹಣ ಬಂತು, ಮನೆ ಎದ್ದಿತು, ಮಕ್ಕಳು ಎಂಜಿನಿಯರುಗಳಾದರು. ಅದರ ಜೊತೆ ಇದೇ ನಿಜವಾದ ಇಸ್ಲಾಂ, ನಿಮ್ಮ ಅಜ್ಜಿಯದು ಅರೆಬರೆ ಎಂಬ ದನಿಯೂ ಬಂತು. ಉರೂಸ್, ನೇರ್ಚೆ (ಸಂತರ ಹೆಸರಿನ ಹರಕೆಯ ಉತ್ಸವ), ದರ್ಗಾ ಹರಕೆಗಳ ಬಗ್ಗೆ ಮುಸ್ಲಿಂ ಸಮಾಜದೊಳಗೇ ತಕರಾರು ಬಲವಾಯಿತು. ಉಳ್ಳಾಲದ ಉರೂಸಿಗೆ ಈಗಲೂ ಜನ ಸೇರುತ್ತಾರೆ, ಆದರೆ ಸೇರಬೇಕೇ ಎಂಬ ವಾದವೂ ಜೊತೆಗೇ ನಡೆಯುತ್ತದೆ. ಬತೂತ ಕಂಡ ಹೊಲಿಗೆಯಿಲ್ಲದ ಉಡುಗೆಯ ಜಾಗಕ್ಕೆ ಕೊಲ್ಲಿಯ ಅಬಾಯ ಬಂದು ಎಷ್ಟೋ ವರ್ಷಗಳಾದವು. ಇಂಡೊನೇಷ್ಯಾದಲ್ಲಿ ಇದೇ ಜಗಳ ಬಹಿರಂಗವಾಗಿಯೇ ನಡೆಯಿತು: ಶಾಫಿ ಉಲೇಮಾಗಳ ಬೃಹತ್ ಸಂಘಟನೆ ನಹ್ದತುಲ್ ಉಲಮಾ 2015ರ ತನ್ನ ಸಮ್ಮೇಳನದಲ್ಲಿ 'ಇಸ್ಲಾಂ ನುಸಂತಾರ' ಎಂಬ ಹೆಸರಿನಲ್ಲಿ ದ್ವೀಪಗಳ ನೆಲಮೂಲದ ಇಸ್ಲಾಮನ್ನು ಸಮರ್ಥಿಸಿತು. ಮೀನುಗಾರನ ಮೊಮ್ಮಗನನ್ನು 'ನೀನು ಹೊರಗಿನವ' ಎನ್ನುವವರು, 'ನೀನು ಸಾಕಷ್ಟು ಅರಬ್ ಆಗಿಲ್ಲ' ಎನ್ನುವವರು ಹೊರಗೆ ವೈರಿಗಳಂತೆ ಕಾಣುತ್ತಾರೆ. ಊರಿನ ಇಸ್ಲಾಂ ಊರಿನದೇ ಎಂಬುದನ್ನು ಇಬ್ಬರೂ ಒಪ್ಪುವುದಿಲ್ಲ.

ಈ ಎರಡು ಒತ್ತಡಗಳ ನಡುವೆ ನಲುಗುತ್ತಿರುವುದು ಹಳೆಯ ಮಸೀದಿಗಳು. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಗುಮ್ಮಟ, ಮಿನಾರು ಕಟ್ಟುವುದು ಹುಚ್ಚುತನ. ಮುರಕಲ್ಲಿನ ಗೋಡೆ, ಮರದ ಅಟ್ಟ, ಇಳಿಜಾರು ಮಾಡು, ಅಂಗಳದಲ್ಲಿ ಕೊಳ: ಬಸದಿ, ದೇವಸ್ಥಾನ, ಗುತ್ತಿನ ಮನೆ, ಮಸೀದಿ ಎಲ್ಲಕ್ಕೂ ಇದೇ ವಿನ್ಯಾಸ. ಕಟ್ಟುವವರು ಅದೇ ಆಚಾರಿಗಳು. ಮಿಶ್ಕಾಲ್ ಮಸೀದಿಯ ಅಂತಸ್ತಿನ ಮಾಡು, ಮಂಗಳೂರು ಬಂದರಿನ ಜೀನತ್ ಬಕ್ಷ್ ಮಸೀದಿಯ ತೇಗದ ಕೆತ್ತನೆ ಕಂಬಗಳು ಈ ಪರಂಪರೆಯವು. ಕೊಲ್ಲಿಯ ಹಣ ಬಂದ ಮೇಲೆ ಇಂಥ ಎಷ್ಟೋ ಕಟ್ಟಡಗಳ ಮುಂದೆ ಕಾಂಕ್ರೀಟ್ ಎದ್ದಿತು, ಗುಮ್ಮಟ ಕೂತಿತು, ಹಳೆಯದು ಒಳಗೆ ಅಡಗಿತು ಅಥವಾ ಉರುಳಿತು.

2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಹೊರವಲಯದ ಮಳಲಿಯಲ್ಲಿ ನವೀಕರಣಕ್ಕಾಗಿ ಮಸೀದಿಯ ಮುಂಭಾಗ ಕೆಡವಿದಾಗ ಒಳಗಿನ ಹಳೆಯ ಮರದ ರಚನೆ ಕಂಡಿತು. ಅದು ದೇವಸ್ಥಾನದಂತಿದೆ ಎಂಬ ಮಾತು ಎದ್ದಿತು, ಮೇ ತಿಂಗಳಲ್ಲಿ ತಾಂಬೂಲ ಪ್ರಶ್ನೆ (ವೀಳ್ಯದೆಲೆ ಇಟ್ಟು ಜ್ಯೋತಿಷ್ಯ ಕೇಳುವುದು) ನಡೆಯಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಹಿಂದೆ ಏನಿತ್ತು ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ 'ದೇವಸ್ಥಾನದಂತೆ ಕಾಣುತ್ತದೆ' ಎಂಬ ಒಂದೇ ಲಕ್ಷಣದಿಂದ ಈ ಕರಾವಳಿಯಲ್ಲಿ ಏನನ್ನೂ ಸಾಧಿಸಲಾಗದು. ಇಲ್ಲಿ ಹಳೆಯ ಮಸೀದಿ ಹಾಗೆಯೇ ಕಾಣಬೇಕು. ಕಾಣದಿದ್ದರೆ ಅದರ ಹಳೆತನದ ಬಗ್ಗೆಯೇ ಸಂಶಯ ಪಡಬೇಕು.

ದಾರಿ ಇಲ್ಲದಿಲ್ಲ. ಕೊಡುಂಗಲ್ಲೂರಿನ ಚೇರಮಾನ್ ಮಸೀದಿಗೂ ಹೊಸ ಕಾಲದ ಕಾಂಕ್ರೀಟ್ ಹೊದಿಕೆ ಬಂದಿತ್ತು. ಕೇರಳ ಸರ್ಕಾರದ ಮುಜಿರಿಸ್ ಪರಂಪರೆ ಯೋಜನೆಯಡಿ ಅದನ್ನು ತೆಗೆದು ಹಳೆಯ ಮಾಡಿನ ರೂಪಕ್ಕೆ ಮರಳಿಸಿದರು. ಮಸೀದಿ ಸಮಿತಿಯವರೇ ಅದಕ್ಕೆ ಒಪ್ಪಿದ್ದರು. ಭಟ್ಕಳದಿಂದ ಉಳ್ಳಾಲದವರೆಗಿನ ಮರದ ಮಸೀದಿಗಳಿಗೂ ಕೆಡವುವ ಮೊದಲು ಅಳತೆ ತೆಗೆಯುವುದು, ಚಿತ್ರ ದಾಖಲಿಸುವುದು, ಮರದ ಕಾಲ ಪರೀಕ್ಷಿಸುವುದು, ಶಾಸನಗಳಿದ್ದರೆ ಅಚ್ಚು ತೆಗೆದಿಡುವುದು ದೊಡ್ಡ ಖರ್ಚಿನ ಕೆಲಸಗಳೇನೂ ಅಲ್ಲ. ವಕ್ಫ್ ಮಂಡಳಿ, ಪುರಾತತ್ವ ಇಲಾಖೆ, ಮಂಗಳೂರಿನ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಮೂವರೂ ಒಂದು ಮೇಜಿನ ಸುತ್ತ ಕೂರಬೇಕು, ಗುತ್ತಿಗೆದಾರನ ಜೆಸಿಬಿ ಬರುವ ಮೊದಲು.